ಎರಡನೆಯ ಮೆಟ್ಟಿಲಿಲ್ಲದ ವೃತ್ತಿ: ಪಶ್ಚಿಮ ಬೆಂಗಳೂರಿನ ಅನುಭವಿ ಆರೈಕೆದಾರರು ಮತ್ತು ಔದ್ಯೋಗಿಕ ಅರ್ಹತೆ

ವಯೋವೃದ್ಧರನ್ನು ಅವರವರ ಮನೆಯಲ್ಲಿಯೇ ನೋಡಿಕೊಳ್ಳುವ ಕೆಲಸವು ಬೆಂಗಳೂರಿನಲ್ಲಿ ಸಂಬಳದ ದುಡಿಮೆಯಾಗಿ ನೆಲೆನಿಂತಿದೆಯಾದರೂ, ಆ ದುಡಿಮೆಯಲ್ಲಿ ಹತ್ತು ಹದಿನೈದು ವರ್ಷ ಕಳೆದವರಿಗೂ ಮೊನ್ನೆ ಸೇರಿದವರಿಗೂ ಇರುವ ಅಂತರವನ್ನು ಗುರುತಿಸುವ ಪದನಾಮವಾಗಲಿ, ವೇತನದರ್ಜೆಯಾಗಲಿ ಮನೆಗಳಲ್ಲಿ ಬಳಕೆಗೆ ಬಂದಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿಯ ಮನೆಗಳಲ್ಲಿ ಇವರನ್ನು ಆಯಾ ಎಂದೋ, ಅಟೆಂಡರ್ ಎಂದೋ, ಹೋಮ್ ನರ್ಸ್ ಎಂದೋ ಕರೆಯುತ್ತಾರೆ. ಯಾವ ಹೆಸರಿನಿಂದ ಕರೆದರೂ ಅನುಭವದ ಹಿರಿತನ ಅದರಲ್ಲಿ ಕಾಣುವುದಿಲ್ಲ. ಈ ಕ್ಷೇತ್ರಕ್ಕೆ ಬೇಕಾಗಿರುವುದು ಪ್ರವೇಶದ ಮತ್ತೊಂದು ಪ್ರಮಾಣಪತ್ರವಲ್ಲ. ಅನುಭವಿ ಆರೈಕೆದಾರರ ವಿವೇಚನೆಯನ್ನು ಅದು ನಡೆಯುವ ಸ್ಥಳದಲ್ಲಿಯೇ ಅಳೆದು, ಅದಕ್ಕೆ ಅಧಿಕಾರವನ್ನೂ ವೇತನವನ್ನೂ ಜೋಡಿಸುವ ಎರಡನೆಯ ಹಂತದ ಅರ್ಹತೆ ಎಂಬುದು ಈ ಲೇಖನದ ವಾದ.

ಭಾರತದಲ್ಲಿ ಔದ್ಯೋಗಿಕ ಅರ್ಹತೆಗಳ ಚೌಕಟ್ಟು ಹೊಸದು. 2013ರ ಡಿಸೆಂಬರ್ 27ರಂದು ಅಧಿಸೂಚನೆಯಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಅಂದರೆ ಎನ್‌ಎಸ್‌ಕ್ಯೂಎಫ್, ಎಲ್ಲ ಅರ್ಹತೆಗಳನ್ನೂ ಹತ್ತು ಹಂತಗಳ ಒಂದೇ ಏಣಿಯಲ್ಲಿ ಇರಿಸಲು ಹೊರಟಿತು. 2023ರ ಪರಿಷ್ಕರಣೆಯಲ್ಲಿ ಆ ಹಂತಗಳು ಎಂಟಾದವು. ಮೂಲ ಚೌಕಟ್ಟಿನಲ್ಲಿ ಪ್ರತಿಯೊಂದು ಹಂತವನ್ನೂ ಕೆಲಸದ ಸ್ವರೂಪ, ವೃತ್ತಿಜ್ಞಾನ, ವೃತ್ತಿಕೌಶಲ, ಮೂಲ ಕೌಶಲ ಮತ್ತು ಹೊಣೆಗಾರಿಕೆ ಎಂಬ ಐದು ನೆಲೆಗಳಲ್ಲಿ ವಿವರಿಸಲಾಗಿತ್ತು. ಅದರಂತೆ ನಾಲ್ಕನೆಯ ಹಂತದ ಕೆಲಸಗಾರರು ಪರಿಚಿತವೂ ಊಹೆಗೆ ನಿಲುಕುವಂಥದೂ ಆದ ದೈನಂದಿನ ಸನ್ನಿವೇಶದಲ್ಲಿ ದುಡಿಯುತ್ತಾರೆ ಮತ್ತು ತಮ್ಮ ಕೆಲಸಕ್ಕೆ ಮಾತ್ರ ತಾವು ಹೊಣೆಯಾಗಿರುತ್ತಾರೆ. ಐದನೆಯ ಹಂತದವರು ತಮ್ಮ ಕೆಲಸದ ಜೊತೆಗೆ ಇತರರ ಕೆಲಸ ಹಾಗೂ ಕಲಿಕೆಗೂ ಒಂದಷ್ಟು ಹೊಣೆ ಹೊರುತ್ತಾರೆ. ಆರೋಗ್ಯ ವಲಯದ ಕೌಶಲ ಮಂಡಳಿಯು ರೂಪಿಸಿದ ಜನರಲ್ ಡ್ಯೂಟಿ ಅಸಿಸ್ಟೆಂಟ್ ಮತ್ತು ಹೋಮ್ ಹೆಲ್ತ್ ಏಡ್ ಎಂಬ ಎರಡು ಪಾತ್ರಗಳೂ ನಾಲ್ಕನೆಯ ಹಂತದಲ್ಲಿಯೇ ನೆಲೆ ಪಡೆದವು. ಸ್ನಾನ ಮಾಡಿಸುವುದು, ಉಡುಪು ತೊಡಿಸುವುದು, ಉಣ್ಣಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಸ್ಥಳಾಂತರಿಸುವುದು, ಸೋಂಕು ಹರಡದಂತೆ ನೋಡಿಕೊಳ್ಳುವುದು ಇವುಗಳ ಮುಖ್ಯ ಘಟಕಗಳು. ಹೊಸಬರಿಗೆ ಇದು ತಕ್ಕ ಆರಂಭವೇ ಸರಿ. ಆದರೆ ಒಬ್ಬ ವೃದ್ಧರ ಜೊತೆ ಇಡೀ ರಾತ್ರಿ ಒಂಟಿಯಾಗಿ ಕಳೆಯುವ ಕೆಲಸವನ್ನು ಊಹೆಗೆ ನಿಲುಕುವ ಕೆಲಸವೆಂದು ಭಾವಿಸುವುದು ವಸ್ತುಸ್ಥಿತಿಗೆ ದೂರವಾದ ಮಾತು.

ಈ ಪ್ರಶ್ನೆಯನ್ನು ಪಶ್ಚಿಮ ಬೆಂಗಳೂರಿನ ನೆಲೆಯಿಂದ ನೋಡುವುದಕ್ಕೆ ಕಾರಣವಿದೆ. 1940ರ ದಶಕದ ಕೊನೆಯಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡ ರಾಜಾಜಿನಗರದಲ್ಲೂ ಆಮೇಲಿನ ದಶಕಗಳಲ್ಲಿ ಅದರ ಸುತ್ತ ಬೆಳೆದ ಬಡಾವಣೆಗಳಲ್ಲೂ ಕಾರ್ಖಾನೆ, ಗಿರಣಿ, ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳಲ್ಲಿ ದುಡಿದ ತಲೆಮಾರು ಸೈಟು ಕೊಂಡು ಮನೆ ಕಟ್ಟಿಕೊಂಡಿತು; ಆ ತಲೆಮಾರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿದೆ. ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ನೆಲಮಹಡಿ ಹಿರಿಯರದು, ಮೇಲಿನ ಮಹಡಿಗಳು ಬಾಡಿಗೆಯವರದು, ಮಕ್ಕಳು ವೈಟ್‌ಫೀಲ್ಡಿನಲ್ಲೋ ಹೊರದೇಶದಲ್ಲೋ ಎಂಬ ಏರ್ಪಾಡು ಇಲ್ಲಿ ಸಾಮಾನ್ಯ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರ ಪ್ರಮಾಣ ದೇಶದಲ್ಲಿ ಶೇ. 8.6 ಇದ್ದರೆ ಕರ್ನಾಟಕದಲ್ಲಿ ಶೇ. 9.5 ಇತ್ತು. ಇಂಥ ಮನೆಗಳಿಗೆ ಆರೈಕೆದಾರರನ್ನು ಒದಗಿಸುವ ಏಜೆನ್ಸಿಗಳ ರೂಢಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗಿನ ಹನ್ನೆರಡು ಗಂಟೆಯ ಪಾಳಿ, ಇಲ್ಲವೇ ಮನೆಯಲ್ಲಿಯೇ ಉಳಿಯುವ ಇಪ್ಪತ್ತನಾಲ್ಕು ಗಂಟೆಯ ಕೆಲಸ. 2014ರ ಮಾರ್ಚಿನಲ್ಲಿ ರಾಜಾಜಿನಗರಕ್ಕೂ, 2015ರ ನವೆಂಬರಿನಲ್ಲಿ ವಿಜಯನಗರಕ್ಕೂ, 2021ರ ಆಗಸ್ಟಿನಲ್ಲಿ ಕೆಂಗೇರಿಗೂ ಬಂದ ಮೆಟ್ರೊ ಪಾಳಿಗೆ ಬಂದುಹೋಗುವ ಮಹಿಳೆಯರ ದಾರಿಯನ್ನು ಸುಗಮಗೊಳಿಸಿದೆ ಎನ್ನಬಹುದು. ಕೆಲಸದ ಒಳಗಿನ ಮೆಟ್ಟಿಲುಗಳ ಬಗ್ಗೆ ಹಾಗೆ ಹೇಳುವಂತಿಲ್ಲ.

ಅನುಭವಿ ಆರೈಕೆದಾರ್ತಿಗೆ ಏನು ಗೊತ್ತಿರುತ್ತದೆ ಎಂಬುದನ್ನು ಬಿಡಿಸಿ ನೋಡದೆ ಅರ್ಹತೆಯ ಮಾತು ಮುಂದುವರಿಯುವುದಿಲ್ಲ. ಪಾರ್ಶ್ವವಾಯುವಿಗೆ ತುತ್ತಾದವರಿಗೆ ಉಣ್ಣಿಸುವುದನ್ನೇ ತೆಗೆದುಕೊಳ್ಳಬಹುದು. ನುಂಗುವ ಶಕ್ತಿ ಕುಂದಿದ ರೋಗಿಗೆ ಗಟ್ಟಿಯಾದುದು ಅಪಾಯ, ನೀರು ಸುರಕ್ಷಿತ ಎಂದು ಮನೆಯವರು ತಿಳಿಯುವುದುಂಟು. ವಾಸ್ತವದಲ್ಲಿ ತೆಳುವಾದ ನೀರು, ಕಾಫಿ, ತಿಳಿಸಾರು ಬಾಯಿಂದ ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುವ ಸಂಭವ ಹೆಚ್ಚು, ಮಂದವಾಗಿ ಕಾಸಿದ ರಾಗಿ ಗಂಜಿ ಅನೇಕರಿಗೆ ಅದಕ್ಕಿಂತ ಸುರಕ್ಷಿತ. ಪಳಗಿದವಳು ರೋಗಿಯನ್ನು ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ಕೆಳಗೆ ಬಾಗಿಸಿ, ಚಿಕ್ಕ ಚಮಚದಲ್ಲಿ ಕೊಟ್ಟು, ಗುಟುಕು ಇಳಿದ ಮೇಲೆ ಒಂದು ಮಾತನಾಡಿಸುತ್ತಾಳೆ. ದನಿಯಲ್ಲಿ ಗೊರಗೊರ ಸದ್ದು ಕೇಳಿದರೆ ಮುಂದಿನ ಚಮಚ ಕೊಡುವುದಿಲ್ಲ. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸುವುದಿಲ್ಲ. ಕೆಮ್ಮು ಬಾರದೆಯೂ ಆಹಾರ ಶ್ವಾಸಕೋಶಕ್ಕೆ ಇಳಿಯಬಲ್ಲದು ಎಂಬುದನ್ನು ಆಕೆ ಯಾವ ಪುಸ್ತಕದಿಂದಲೂ ಕಲಿತಿರಲಿಕ್ಕಿಲ್ಲ, ಆದರೆ ಆ ಎಚ್ಚರವನ್ನು ಆಕೆಯ ಕೈ ಪಾಲಿಸುತ್ತದೆ.

ಹಾಸಿಗೆ ಹಿಡಿದವರ ಮೈಯಲ್ಲಿ ಏಳುವ ಒತ್ತುಹುಣ್ಣು, ಅಂದರೆ ರೂಢಿಯಲ್ಲಿ ಬೆಡ್‌ಸೋರ್ ಎನ್ನುವ ಹುಣ್ಣು, ಇನ್ನೊಂದು ನಿದರ್ಶನ. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ಇವು ಮೊದಲು ಕೆಡುವ ಜಾಗಗಳು. ಒತ್ತಿದರೂ ಮಾಯವಾಗದ ಕೆಂಪು ಮೊದಲ ಲಕ್ಷಣವೆಂದು ಪಾಠದಲ್ಲಿ ಹೇಳಿಕೊಡಲಾಗುತ್ತದೆ. ಗೋಧಿಬಣ್ಣದ ಅಥವಾ ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಸುಲಭವಾಗಿ ಕಾಣದು. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಅನುಭವಿಗಳು ಮಗ್ಗುಲು ಬದಲಿಸುವಾಗ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡುವುದು ಈ ಕಾರಣಕ್ಕಾಗಿಯೇ. ಬಿಳಿಯ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಲಕ್ಷಣಪಟ್ಟಿಯಿಂದ ಮೌಲ್ಯಮಾಪನ ನಡೆಸಿದರೆ ಬಲ್ಲವಳೇ ಕಡಿಮೆ ಅಂಕ ಪಡೆಯಬಹುದು ಎಂಬುದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ಇವೆರಡಕ್ಕಿಂತ ಸೂಕ್ಷ್ಮವಾದುದು ಮನಸ್ಸಿನ ಸ್ಥಿತಿಯನ್ನು ಓದುವ ಶಕ್ತಿ. ಮರೆಗುಳಿತನ, ಅಂದರೆ ಡಿಮೆನ್ಷಿಯಾ, ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಮುಂದುವರಿಯುತ್ತದೆ. ಸನ್ನಿ, ಅಂದರೆ ಡೆಲಿರಿಯಂ, ಒಂದೆರಡು ದಿನದಲ್ಲಿ ಬಂದು ಗಂಟೆಗಂಟೆಗೂ ಏರಿಳಿಯುತ್ತದೆ. ವೃದ್ಧರಲ್ಲಿ ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ ಅಥವಾ ಹೊಸ ಮಾತ್ರೆಯಿಂದಲೂ ಸನ್ನಿ ಬರಬಹುದು, ಮತ್ತು ಮರೆಗುಳಿತನ ಮೊದಲೇ ಇದ್ದವರಲ್ಲಿ ಅದನ್ನು ಕಾಯಿಲೆ ಜಾಸ್ತಿಯಾಯಿತು ಎಂದು ಮನೆಯವರು ತಳ್ಳಿಹಾಕುವ ಸಾಧ್ಯತೆ ಬಹಳ. ತಾತನವರು ನಿನ್ನೆ ಇದ್ದ ಹಾಗೆ ಇವತ್ತಿಲ್ಲ, ಡಾಕ್ಟರಿಗೆ ಫೋನ್ ಮಾಡಿ ಎಂದು ಮುಂಜಾನೆಯೇ ಹೇಳಬಲ್ಲ ಆರೈಕೆದಾರ್ತಿಯಿಂದ ಒಂದು ಜೀವ ಉಳಿಯಬಹುದು. ಆದರೆ ಆ ಮಾತನ್ನು ಮನೆಯವರು ಒಪ್ಪಬೇಕಾದರೆ ಹೇಳಿದವರಿಗೆ ಅದನ್ನು ಹೇಳುವ ಅಧಿಕಾರವಿದೆ ಎಂದು ಅವರಿಗೆ ಅನ್ನಿಸಬೇಕು. ಅರ್ಹತೆಯ ಪ್ರಯೋಜನ ಇರುವುದು ಹೆಚ್ಚಾಗಿ ಇಲ್ಲಿ.

ಇವೆಲ್ಲ ದಾಖಲಾಗುವ ಜಾಗ ಹಾಸಿಗೆಯ ಪಕ್ಕದ ನೋಟ್‌ಪುಸ್ತಕ. ಬಿ.ಪಿ., ಶುಗರ್, ಕೊಟ್ಟ ಮಾತ್ರೆ, ಕುಡಿದ ನೀರು, ಕ್ಯಾತಿಟರ್ ಚೀಲದಲ್ಲಿ ತುಂಬಿದ ಮೂತ್ರದ ಅಳತೆ, ಮಗ್ಗುಲು ಬದಲಿಸಿದ ವೇಳೆ ಇವುಗಳನ್ನು ಗೆರೆ ಎಳೆದ ಕಾಲಂಗಳಲ್ಲಿ ಬರೆದು, ಪಾಳಿ ಬದಲಾಗುವಾಗ ಮುಂದಿನವಳಿಗೆ ಓದಿ ಹೇಳುವ ಪದ್ಧತಿ ಒಳ್ಳೆಯ ಮನೆಗಳಲ್ಲಿ ಇರುತ್ತದೆ. ಹೊಸ ಹುಡುಗಿ ಬಂದಾಗ ಆ ಪುಸ್ತಕವನ್ನು ಹೇಗೆ ಬರೆಯಬೇಕೆಂದು ಕಲಿಸುವವಳೂ ಹಳಬಳೇ. ಇತರರ ಕಲಿಕೆಗೆ ಹೊಣೆಯಾಗುವ ಐದನೆಯ ಹಂತದ ಕೆಲಸವನ್ನು ಆಕೆ ನಾಲ್ಕನೆಯ ಹಂತದ ಸಂಬಳದಲ್ಲಿ, ಹಲವು ವೇಳೆ ಯಾವ ಪ್ರಮಾಣಪತ್ರವೂ ಇಲ್ಲದೆ, ಮಾಡುತ್ತಿರುತ್ತಾಳೆ.

ಹಾಗೆಂದು ತರಬೇತಿಯ ಪ್ರಯತ್ನಗಳೇ ಇಲ್ಲವೆನ್ನಲಾಗದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅಡಿಯ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆಯು ವೃದ್ಧರ ಆರೈಕೆಯ ಕೋರ್ಸುಗಳನ್ನು ಬಹುಕಾಲದಿಂದ ನಡೆಸುತ್ತ ಬಂದಿದೆ. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 2002ರಲ್ಲಿ ನಗರ ಪೊಲೀಸರ ಜೊತೆಗೂಡಿ ಹಿರಿಯರ ಸಹಾಯವಾಣಿ 1090 ಅನ್ನು ನೆಲೆಗೊಳಿಸಿದ ಸಂಸ್ಥೆ, ಮರೆಗುಳಿತನದ ಆರೈಕೆಯಲ್ಲಿಯೂ ತರಬೇತಿಯಲ್ಲಿಯೂ ಮೌಲಿಕವಾದ ಕೆಲಸ ಮಾಡಿದೆ; ಅದರ ಮರೆಗುಳಿತನದ ಕೇಂದ್ರವಿರುವುದು ನಗರದ ಪೂರ್ವದ ಕಸ್ತೂರಿನಗರದಲ್ಲಿ, ಕೆಂಗೇರಿಯಿಂದ ಊರನ್ನು ಅಡ್ಡವಾಗಿ ದಾಟಿದ ಮೇಲೆ. 2017ರಿಂದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆಯೂ ಅಲ್ಪಾವಧಿ ತರಬೇತಿಗೆ ದಾರಿ ಮಾಡಿತು. ಇವುಗಳ ಗಮನ ಬಹುಮಟ್ಟಿಗೆ ಹೊಸಬರನ್ನು ಕೆಲಸಕ್ಕೆ ಸಿದ್ಧಗೊಳಿಸುವುದರ ಮೇಲಿದೆ. ಕೆಲಸದಲ್ಲಿಯೇ ಕಲಿತವರಿಗೆ ಪೂರ್ವಕಲಿಕೆಯ ಮಾನ್ಯತೆ ಎಂಬ ಮಾರ್ಗವನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು ವ್ಯಾಪಕಗೊಳಿಸಿತು. ತರಗತಿಯಲ್ಲಿ ಮತ್ತೆ ಕೂರಿಸದೆ, ಗೊತ್ತಿರುವುದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಅದರ ತತ್ತ್ವ. ತತ್ತ್ವ ಸರಿಯಾದುದೇ. ಆದರೆ ಹದಿನೈದು ವರ್ಷದ ಅನುಭವವನ್ನು ಪರೀಕ್ಷಿಸಿ, ಹೊಸಬರಿಗೆ ಕೊಡುವ ಅದೇ ಪ್ರವೇಶಹಂತದ ಪತ್ರವನ್ನು ಆಕೆಯ ಕೈಗೂ ಕೊಟ್ಟರೆ ಮಾನ್ಯತೆ ಸಿಕ್ಕಂತೆ ಆಗುವುದಿಲ್ಲ.

ಕಾನೂನಿನಲ್ಲಿಯೂ ಇಂಥದೇ ತೆರವು ಇದೆ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಅಲೈಡ್ ಆರೋಗ್ಯ ವೃತ್ತಿಪರರೆಂದು ಗುರುತಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ, 2000 ಗಂಟೆಗೆ ಕಡಿಮೆಯಿಲ್ಲದ ವ್ಯಾಸಂಗವನ್ನು ಕೇಳುತ್ತದೆ. ಕೆಲವು ನೂರು ಗಂಟೆಗಳ ತರಬೇತಿ ಪಡೆದ ಆರೈಕೆದಾರರು ಅದರ ಹೊರಗೇ ಉಳಿಯುತ್ತಾರೆ. ಅವರು ಮನೆಗಳಲ್ಲಿ ದುಡಿದ ಸಾವಿರಾರು ಗಂಟೆಗಳು ಲೆಕ್ಕಕ್ಕೆ ಬರುವುದಿಲ್ಲ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಗೆ 2019ರ ಡಿಸೆಂಬರಿನಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯು ಮನೆ ಆರೈಕೆ ಒದಗಿಸುವ ಸಂಸ್ಥೆಗಳ ನೋಂದಣಿ ಮತ್ತು ಕನಿಷ್ಠ ಮಟ್ಟಗಳ ಪ್ರಸ್ತಾಪ ಮಾಡಿತ್ತು. ಹದಿನೇಳನೆಯ ಲೋಕಸಭೆಯ ವಿಸರ್ಜನೆಯೊಂದಿಗೆ ಅದು ಬಿದ್ದುಹೋಯಿತು. ಆ ಮಸೂದೆ ಕಾಯಿದೆಯಾಗಿದ್ದರೆ ಏಜೆನ್ಸಿಗಳಿಗೆ ಅನುಭವಿಗಳನ್ನು ಗುರುತಿಸುವ ಒಂದು ಕಾರಣವಾದರೂ ದೊರೆಯುತ್ತಿತ್ತು.

ಹೊರಗಿನ ಎರಡು ಮಾದರಿಗಳು ಇಲ್ಲಿ ಉಪಯುಕ್ತ. ಬ್ರಿಟನ್ನಿನಲ್ಲಿ 1980ರ ದಶಕದ ಕೊನೆಯಿಂದ ಬೆಳೆದ ಔದ್ಯೋಗಿಕ ಅರ್ಹತೆಗಳ ಪದ್ಧತಿಯು ಲಿಖಿತ ಪರೀಕ್ಷೆಗಿಂತ ಕೆಲಸದ ಸ್ಥಳದ ವೀಕ್ಷಣೆ, ಸಾಕ್ಷಿಗಳ ಹೇಳಿಕೆ ಮತ್ತು ಕೆಲಸಗಾರರೇ ಸಂಗ್ರಹಿಸಿದ ದಾಖಲೆಗಳ ಮೇಲೆ ನಿಂತಿತು. ಇಂಗ್ಲೆಂಡಿನಲ್ಲಿ ವಯಸ್ಕರ ಆರೈಕೆಯ ಹಿರಿಯ ಕೆಲಸಗಾರರಿಗೆ ಮೂರನೆಯ ಮಟ್ಟದ ಡಿಪ್ಲೊಮಾ ಪ್ರತ್ಯೇಕವಾಗಿದೆ. ಸ್ಕಾಟ್ಲೆಂಡ್ 2001ರ ಕಾಯಿದೆಯ ಮೂಲಕ ಆರೈಕೆ ಕೆಲಸಗಾರರ ನೋಂದಣಿಗೆ ತಳಹದಿ ಹಾಕಿ, ನೋಂದಣಿಗೆ ಅರ್ಹತೆಯನ್ನು ಬೆಸೆಯಿತು. ಜಪಾನ್ 1987ರ ಕಾಯಿದೆಯಿಂದ ಪ್ರಮಾಣಿತ ಆರೈಕೆದಾರರೆಂಬ ರಾಷ್ಟ್ರೀಯ ಪದವಿಯನ್ನು ಸ್ಥಾಪಿಸಿ, ಮೂರು ವರ್ಷದ ಕೆಲಸದ ಅನುಭವ ಉಳ್ಳವರೂ ನಿಗದಿತ ತರಬೇತಿಯ ನಂತರ ರಾಷ್ಟ್ರೀಯ ಪರೀಕ್ಷೆ ಬರೆಯುವ ದಾರಿ ಇಟ್ಟಿದೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಮಾಡಿಕೊಂಡ ನಿರ್ದಿಷ್ಟ ಕೌಶಲದ ಕೆಲಸಗಾರರ ಒಪ್ಪಂದದಲ್ಲಿ ವೃದ್ಧರ ಆರೈಕೆಯೂ ಸೇರಿರುವುದರಿಂದ, ಇಲ್ಲಿಯ ತರುಣಿಯರ ಅನುಭವಕ್ಕೆ ಬಸವೇಶ್ವರನಗರಕ್ಕಿಂತ ಮೊದಲು ಒಸಾಕಾದಲ್ಲಿ ಬೆಲೆ ಸಿಗುವ ಸಂಭವವಿದೆ.

ಬ್ರಿಟನ್ನಿನ ಪದ್ಧತಿಯನ್ನು ಹಾಗೆಯೇ ತಂದರೆ ಕಾಗದದ ಹೊರೆಯೂ ಬರುತ್ತದೆ. ಅಲ್ಲಿಯೇ ಅದರ ಬಗ್ಗೆ ದೂರುಗಳಿದ್ದವು. ಪಶ್ಚಿಮ ಬೆಂಗಳೂರಿನ ಆರೈಕೆದಾರರಲ್ಲಿ ಹಲವರು ಹೈಸ್ಕೂಲಿನ ಹಂತದಲ್ಲಿ ಓದು ಬಿಟ್ಟವರು. ಆದ್ದರಿಂದ ಮೌಲ್ಯಮಾಪನ ಕನ್ನಡದಲ್ಲಿ, ಹೆಚ್ಚಿನಂಶ ಮಾತಿನ ಮೂಲಕ ನಡೆಯಬೇಕು. ಒಬ್ಬ ಶುಶ್ರೂಷಕಿಯೂ ದೀರ್ಘಕಾಲ ಈ ಕೆಲಸದಲ್ಲಿರುವ ಒಬ್ಬ ಆರೈಕೆದಾರ್ತಿಯೂ ಕೂಡಿ ಪರೀಕ್ಷಿಸಬೇಕು. ಮನೆಯವರ ಮತ್ತು ಸಾಧ್ಯವಿದ್ದಾಗ ಹಿರಿಯರ ಒಪ್ಪಿಗೆ ಪಡೆದು ಒಂದು ಪಾಳಿ ಬದಲಾವಣೆಯನ್ನು ಮನೆಯಲ್ಲಿಯೇ ವೀಕ್ಷಿಸಬೇಕು. ಹೆಸರು ಮರೆಮಾಡಿದ ನೋಟ್‌ಪುಸ್ತಕದ ಪುಟಗಳು ಸಾಕ್ಷ್ಯವಾಗಿ ಸಾಕು. ಹಿರಿಯರ ಮೈ ಒರೆಸುವ ಹೊತ್ತಿನಲ್ಲಿ ಅಪರಿಚಿತ ಪರೀಕ್ಷಕರು ಕೋಣೆಯಲ್ಲಿ ನಿಲ್ಲುವುದು ಅವರ ಘನತೆಗೆ ಕುಂದು ತರುವುದರಿಂದ, ಅಂಥ ಕೌಶಲಗಳನ್ನು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ಸಾರ್ವಜನಿಕ ಆಸ್ಪತ್ರೆಯ ಕಲಿಕಾ ಕೊಠಡಿಯಲ್ಲಿ ಗೊಂಬೆಯ ಮೇಲೆ ನೋಡುವುದು ಮೇಲು. ಆ ಆಸ್ಪತ್ರೆ ಇರುವುದು ಕಾರ್ಮಿಕರಿಗಾಗಿ. ಅಲ್ಲಿ ಚಿಕಿತ್ಸೆ ಪಡೆದ ಕಾರ್ಖಾನೆ ನೌಕರರನ್ನು ಇಂದು ಮನೆಯಲ್ಲಿ ನೋಡಿಕೊಳ್ಳುತ್ತಿರುವವಳು, ಕುಟುಂಬವೇ ನೇರವಾಗಿ ಸಂಬಳ ಕೊಡುವಲ್ಲಿ, ಇಎಸ್‌ಐ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನೋವಿನ ಸಂಗತಿ.

ಕೊನೆಗೆ ಉಳಿಯುವುದು ವೇತನದ ಪ್ರಶ್ನೆ, ಮತ್ತು ಅದನ್ನು ಬಿಟ್ಟು ಅರ್ಹತೆಯನ್ನು ಚರ್ಚಿಸುವುದು ವ್ಯರ್ಥ. ಗೃಹಕಾರ್ಮಿಕರಿಗೆ ಕನಿಷ್ಠ ವೇತನ ನಿಗದಿಪಡಿಸುವ ಅಧಿಸೂಚನೆಯನ್ನು ಕರ್ನಾಟಕ 2004ರಷ್ಟು ಹಿಂದೆಯೇ ಹೊರಡಿಸಿ ಬೇರೆ ರಾಜ್ಯಗಳಿಗೆ ದಾರಿ ತೋರಿತ್ತು. ಅದೇ ರಾಜ್ಯವು ಮನೆ ಆರೈಕೆಯನ್ನು ಮನೆಗೆಲಸದಿಂದ ಬೇರ್ಪಡಿಸಿ, ಅದರೊಳಗೆ ಪ್ರವೇಶ ಮತ್ತು ಹಿರಿಯ ಎಂಬ ಎರಡು ದರ್ಜೆಗಳನ್ನು ಮಾಡಿ, ಎರಡನೆಯ ದರ್ಜೆಯನ್ನು ಐದನೆಯ ಹಂತದ ಪ್ರಮಾಣಪತ್ರಕ್ಕೆ ಕಾನೂನಿನ ಮೂಲಕ ಜೋಡಿಸಿದರೆ, ಕುಟುಂಬ ಏಜೆನ್ಸಿಗೆ ಕೊಡುವ ಹೆಚ್ಚಿನ ಹಣದ ಪಾಲು ದುಡಿಯುವವಳ ಕೈಸೇರುವ ಖಾತರಿ ಹುಟ್ಟುತ್ತದೆ. ಮೌಲ್ಯಮಾಪನದ ದಿನಗಳಲ್ಲಿ ತಪ್ಪಿಹೋಗುವ ದಿನಗೂಲಿಯನ್ನೂ ಪರೀಕ್ಷೆಯ ಶುಲ್ಕವನ್ನೂ ಸರ್ಕಾರ ಭರಿಸಬೇಕಾಗುತ್ತದೆ. ಪಾಳಿ ತಪ್ಪಿದರೆ ಸಂಬಳವೂ ತಪ್ಪುವ ಮಹಿಳೆಯಿಂದ ಆ ಖರ್ಚನ್ನು ನಿರೀಕ್ಷಿಸುವುದು ಅನ್ಯಾಯ.