ಮೈಸೂರಿನ ರಾಕೆಟ್ಟಿನಿಂದ ಬೆಂಗಳೂರಿನ ವಿಮಾನದವರೆಗೆ

ಹೊಸರಿತ್ತಿಯಲ್ಲಿ ನನ್ನ ತರಗತಿಯಲ್ಲಿ ಕುಳಿತು ಕಲಿತವರಿಗೆ ನಾನು ಇತಿಹಾಸವನ್ನು ಹೇಗೆ ಬೋಧಿಸುತ್ತಿದ್ದೆನೆಂಬುದು ನೆನಪಿರಬಹುದು. ಕಪ್ಪು ಹಲಗೆಯ ಮೇಲೆ ಇಸವಿಗಳನ್ನು ಬರೆಯುವುದು, ಬಾಯಿಪಾಠ ಮಾಡಿಸುವುದು, ಮರುದಿನ ಕೇಳುವುದು. ಒಮ್ಮೆ ಟಿಪ್ಪು ಸುಲ್ತಾನನ ರಾಕೆಟ್ಟುಗಳ ವಿಷಯವನ್ನು ಬಹಳ ಅಭಿಮಾನದಿಂದ ಹೇಳಿ ಮುಗಿಸಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸರ, ಟಿಪ್ಪು ಸತ್ತ ಮ್ಯಾಲ ಅವನ್ನ ಯಾರೂ ಯಾಕ ಮಾಡ್ಲಿಲ್ರಿ?" ಎಂದು ಕೇಳಿದ. "ಪುಸ್ತಕದಾಗ ಇದ್ದಷ್ಟು ಓದು, ಕುಂದ್ರು" ಎಂದುಬಿಟ್ಟೆ. ಉತ್ತರ ನನಗೂ ತಿಳಿದಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ನಿವೃತ್ತನಾದ ಮೇಲೆ ಓದಲು ಸಮಯ ಸಿಕ್ಕಿತು. ಆ ಹುಡುಗನ ಋಣವನ್ನು ಇಂದು ತೀರಿಸಲು ಯತ್ನಿಸುತ್ತೇನೆ.

ಬಾಣಬಿರುಸು ಮೈಸೂರಿನವರೇ ಕಂಡುಹಿಡಿದ ವಸ್ತುವಲ್ಲ. ಅದು ಮೊದಲೇ ಇತ್ತು. ಆದರೆ ಕಾಗದದ ಅಥವಾ ಬಿದಿರಿನ ಕೊಳವೆ ಮದ್ದಿನ ಒತ್ತಡವನ್ನು ಹೆಚ್ಚು ತಾಳದು. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಕುಶಲಕರ್ಮಿಗಳು ಕಬ್ಬಿಣದ ಕೊಳವೆಯನ್ನು ಬಳಸಿದರು. ಒತ್ತಡ ತಾಳುವ ಕೊಳವೆಯಲ್ಲಿ ಮದ್ದನ್ನು ಬಿಗಿಯಾಗಿ ತುಂಬಬಹುದು. ಆಗ ಬಾಣ ದೂರ ಹಾರುತ್ತದೆ. ದಿಕ್ಕು ತಪ್ಪದಿರಲೆಂದು ಅದಕ್ಕೆ ಉದ್ದನೆಯ ಬಿದಿರು ಗಳುವನ್ನು ಕಟ್ಟುತ್ತಿದ್ದರು. 1780ರ ಪೊಳ್ಳಿಲೂರು ಯುದ್ಧದಲ್ಲಿ ಕರ್ನಲ್ ಬೈಲಿಯ ಸೈನ್ಯ ಈ ಬಾಣಗಳ ರುಚಿ ಕಂಡಿತು. ದೊಡ್ಡ ಸೈನ್ಯಗಳ ನಡುವೆ ಸಿಕ್ಕಿದ್ದ ಚಿಕ್ಕ ರಾಜ್ಯವೊಂದು ಎದುರಾಳಿಯ ಬಳಿ ಇಲ್ಲದ ಆಯುಧವನ್ನು ಆಕಾಶಮಾರ್ಗದಲ್ಲಿ ಕಳುಹಿಸಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ನೂರಾರು ರಾಕೆಟ್ಟುಗಳು ಆಂಗ್ಲರ ವಶವಾದವು. ಕೆಲವು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರವನ್ನು ಸೇರಿದವು. ವಿಲಿಯಂ ಕಾಂಗ್ರೀವ್ ಎಂಬಾತ ಅಲ್ಲಿ ಪ್ರಯೋಗಗಳನ್ನು ಮಾಡಿ, ಅಳತೆಗಳನ್ನು ಗೊತ್ತುಪಡಿಸಿ, ಪುಸ್ತಕ ಬರೆದ. 1806ರಲ್ಲಿ ಬೂಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಆ ರಾಕೆಟ್ಟುಗಳು ಎರಗಿದವು. ಇತ್ತ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಮಣ್ಣಿನಲ್ಲಿ ಹೂತಿದ್ದವು. ಅದೇ ವಸ್ತು ಅಲ್ಲಿ ಪಾಠವಾಯಿತು, ಇಲ್ಲಿ ಬಾವಿಯ ಪಾಲಾಯಿತು. ಆ ಸುದ್ದಿಯನ್ನು ಓದಿದ ದಿನ ಹಿಂದಿನ ಸಾಲಿನ ಹುಡುಗ ಮತ್ತೆ ನನ್ನೆದುರು ಎದ್ದು ನಿಂತಂತಾಯಿತು.

ಮುಂದೆ ಅದೇ ಮೈಸೂರು, ಅರಸರ ಸಂಸ್ಥಾನವಾಗಿ, ಮತ್ತೊಮ್ಮೆ ಆಕಾಶದ ಕಡೆಗೆ ನೋಡಿತು. ಸಂಸ್ಥಾನಕ್ಕೆ ಸ್ವಂತ ವಾಯುಪಡೆ ಇರಲಿಲ್ಲ. ಆದರೆ ಅದಕ್ಕಿಂತ ದೊಡ್ಡದಾದ ಸಿದ್ಧತೆಯಿತ್ತು. 1902ರಿಂದ ಶಿವನಸಮುದ್ರದ ವಿದ್ಯುತ್ತು, 1909ರಲ್ಲಿ ಅರಸರು ಕೊಟ್ಟ ಭೂಮಿಯಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಸ್ಥೆ, 1923ರಿಂದ ಭದ್ರಾವತಿಯ ಕಬ್ಬಿಣ. ಹೀಗಾಗಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಅಮೆರಿಕದ ವಿಲಿಯಂ ಪಾಲಿಯ ನೆರವಿನಿಂದ ವಿಮಾನ ಕಾರ್ಖಾನೆ ಕಟ್ಟಲು ಹೊರಟಾಗ, ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಭೂಮಿಯನ್ನೂ ಬಂಡವಾಳವನ್ನೂ ಕೊಟ್ಟು ಪಾಲುದಾರನಾಯಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಹುಟ್ಟಿತು. ಮರುವರ್ಷವೇ ಅಮೆರಿಕದಿಂದ ತಂದ ಬಿಡಿಭಾಗಗಳನ್ನು ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಬೆಂಗಳೂರಿನ ಮೇಲೆ ಹಾರಿತು.

ಆದರೆ ಪರತಂತ್ರರ ಕಾರ್ಖಾನೆಯೂ ಪರತಂತ್ರವೇ. 1942ರಲ್ಲಿ ಭಾರತದ ಬ್ರಿಟಿಷ್ ಸರ್ಕಾರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಆ ವರ್ಷವನ್ನು ಹೊಸರಿತ್ತಿಯವರು ಮರೆಯುವಂತಿಲ್ಲ. ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮೂರಿನಲ್ಲಿ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರು ಪೊಲೀಸರ ಗುಂಡಿಗೆ ಬಲಿಯಾದರು. ಒಂದೆಡೆ ಕನ್ನಡಿಗರು ಯಾರದೋ ಯುದ್ಧಕ್ಕೆ ವಿಮಾನಗಳನ್ನು ರಿಪೇರಿ ಮಾಡುತ್ತಿದ್ದರು. ಇನ್ನೊಂದೆಡೆ ಅದೇ ಪ್ರಭುತ್ವದ ಗುಂಡು ಕನ್ನಡಿಗರ ಎದೆಗೆ ಬೀಳುತ್ತಿತ್ತು. ಎರಡನ್ನೂ ಒಟ್ಟಿಗೆ ಪಾಠ ಮಾಡಬೇಕೆಂದು ನನಗೆ ಎಂದೂ ಹೊಳೆಯಲಿಲ್ಲ.

ಆದರೂ ಆ ವರ್ಷಗಳು ವ್ಯರ್ಥವಾಗಲಿಲ್ಲ. ದುರಸ್ತಿಯಲ್ಲಿ ಪಳಗಿದ ಕೈಗಳು ಉಳಿದವು. 1942ರ ಕೊನೆಯಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಅದನ್ನು ಮೊದಲು ನಡೆಸಿದ ವಿ. ಎಂ. ಘಾಟಗೆಯವರೇ ಕಾರ್ಖಾನೆಯಲ್ಲಿ ಎಚ್‌ಟಿ-2 ತರಬೇತಿ ವಿಮಾನವನ್ನು ರೂಪಿಸಿದರು. 1951ರ ಆಗಸ್ಟ್‌ನಲ್ಲಿ ಅದು ಹಾರಿತು. ಕಾರ್ಖಾನೆಯ ಮಗ್ಗುಲಲ್ಲಿ ಶಾಲೆ ಇದ್ದುದರ ಫಲವಿದು. ಟಿಪ್ಪುವಿನ ಕಾಲಕ್ಕೆ ಇಲ್ಲದಿದ್ದದ್ದು ಇದೇ.

ಆದರೆ ಎಚ್‌ಟಿ-2ರ ಎಂಜಿನ್ ಬ್ರಿಟನ್ನಿನದು. ಈ ಕೊರತೆ ಮುಂದೆಯೂ ನಮ್ಮನ್ನು ಬಿಡಲಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಎಚ್‌ಎಫ್-24 ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಅದರ ದೇಹವನ್ನು ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ್ದರು. ಸಿಕ್ಕ ಎಂಜಿನ್‌ಗೆ ಆ ಕಸುವಿರಲಿಲ್ಲ. ಹೆಚ್ಚು ಶಕ್ತಿಯ ಎಂಜಿನ್ ಬೆಳೆಸಲು ಬ್ರಿಟಿಷರು ಹಣ ಕೇಳಿದರು, ನಾವು ಕೊಡಲಿಲ್ಲ. 1971ರಲ್ಲಿ ಮಾರುತ್ ರಾಜಸ್ಥಾನದ ಗಡಿಯಲ್ಲಿ ಧೈರ್ಯದಿಂದ ಹೋರಾಡಿತು. ಆದರೆ ಅದಕ್ಕೆ ಮುಂದಿನ ಪೀಳಿಗೆ ಹುಟ್ಟಲಿಲ್ಲ. ಇಂದಿನ ತೇಜಸ್ 2001ರ ಜನವರಿ 4ರಂದು ಹಾರಿತು. ಅದಕ್ಕೆಂದು 1989ರಲ್ಲಿ ಆರಂಭಿಸಿದ ಕಾವೇರಿ ಎಂಜಿನ್ ಯೋಜನೆಯನ್ನು 2008ರಲ್ಲಿ ಅದರಿಂದ ಬೇರ್ಪಡಿಸಿದರು. 2021ರಲ್ಲಿ 83 ವಿಮಾನಗಳಿಗೆ ಒಪ್ಪಂದವಾದರೂ, ಅವುಗಳ ಅಮೆರಿಕನ್ ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು ಸುಮಾರು ಎರಡು ವರ್ಷ ತಡವಾಗಿ, 2025ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಿಗ್-21 ವಿಮಾನಗಳು ನಿವೃತ್ತಿ ಹೊಂದಿದವು. ಹಳೆಯದು ಹೋಯಿತು, ಹೊಸದು ಎಂಜಿನ್ನಿಗಾಗಿ ದಾರಿ ಕಾಯಿತು.

ಹಾಗಾದರೆ ಆ ಹುಡುಗನಿಗೆ ನನ್ನ ಉತ್ತರವಿಷ್ಟು: ಮಗು, ರಾಕೆಟ್ ಮಾಡುವ ವಿದ್ಯೆ ನಮ್ಮಲ್ಲಿ ಕುಶಲಿಗಳ ಕೈಯಲ್ಲಿತ್ತು, ಶಾಲೆಯಲ್ಲಿ ಇರಲಿಲ್ಲ. ಅರಸನೊಡನೆ ಆ ಕೈಗಳ ಕೆಲಸವೂ ಹೋಯಿತು. ಗೆದ್ದವರು ಅದನ್ನು ಅಳೆದು, ಬರೆದು, ಕಲಿಸಿದರು. ಚಿಕ್ಕ ನಾಡಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಕೊಂಡು ತಂದ ಆಯುಧ ಮಾರಿದವನ ಮರ್ಜಿಯಲ್ಲಿರುತ್ತದೆ. ಕಲಿತ ವಿದ್ಯೆ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಕಲಿಯುವ ಕಾಲದಲ್ಲಿ ಆಗುವ ಸೋಲಿಗೂ ಹಣ ಇಡಬೇಕಾಗುತ್ತದೆ.

ನೀನು ಕೇಳಿದ್ದು ಸರಿಯಾದ ಪ್ರಶ್ನೆಯಾಗಿತ್ತು. ಅಂದು ನಿನ್ನನ್ನು ಕೂರಿಸಿದ್ದು ನನ್ನ ತಪ್ಪು. ನನ್ನ ವಿದ್ಯಾರ್ಥಿಗಳಲ್ಲಿ ಈಗ ಶಿಕ್ಷಕರಾಗಿರುವವರು ಅನೇಕರಿದ್ದೀರಿ. ನಿಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಯಾರಾದರೂ ಎದ್ದು ನಿಂತರೆ, ದಯವಿಟ್ಟು ಅವರ ಮಾತು ಮುಗಿಯುವವರೆಗೆ ಕೇಳಿರಿ.