ಗರಗಸದ ಎಂಜಿನ್‌ಗೆ ಓಟದ ಹುಚ್ಚು

ಮರ ಕಡಿಯುವ ಗರಗಸಕ್ಕೂ ಓಟದ ವಾಹನಕ್ಕೂ ಏನು ಸಂಬಂಧ? ಉತ್ತರ ಎರಡರ ಎಂಜಿನ್‌ನಲ್ಲಿದೆ.

ಜರ್ಮನಿಯ ಆಂದ್ರೆಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್‌ಚಾಲಿತ ಸರಪಳಿ ಗರಗಸ ತಯಾರಿಸಿದರು. ಮರುವರ್ಷವೇ ಎಮಿಲ್ ಲೆರ್ಪ್ ಅವರ ಪೆಟ್ರೋಲ್ ಗರಗಸ ಬಂತು. ಆಗಿನ ಗರಗಸ ಹಿಡಿಯಲು ಇಬ್ಬರು ಬೇಕಿತ್ತು. 1949ರಲ್ಲಿ ಅಮೆರಿಕದ ಮೆಕಲಕ್ ಕಂಪೆನಿ ಕೇವಲ 25 ಪೌಂಡ್ ತೂಕದ, ಒಬ್ಬನೇ ಎತ್ತಬಲ್ಲ ಗರಗಸವನ್ನು ಹೊರತಂದಿತು.

1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಬಳಸಿ ಮೊದಲ ಗೋ-ಕಾರ್ಟ್ ಕಟ್ಟಿದರು. ಆ ಆಟಕ್ಕೆ ಹಗುರವಾದ, ಚುರುಕಾದ ಎಂಜಿನ್ ಬೇಕಾಯಿತು. 1959ರಲ್ಲಿ ಮೆಕಲಕ್ ತನ್ನ ಗರಗಸದ ಎಂಜಿನನ್ನೇ ಮಾರ್ಪಡಿಸಿ 'ಎಂಸಿ-10' ಎಂಬ ಹೆಸರಿನಲ್ಲಿ ಮಾರಿತು. ಹವ್ಯಾಸಿಗಳ ಕೈಚಳಕಕ್ಕೆ ಹೊಸ ಕಣ ಸಿಕ್ಕಿತು.

ಇದು ಟೂ-ಸ್ಟ್ರೋಕ್ ಎಂಜಿನ್. ಹಿಂದೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳದೂ ಇದೇ ಜಾತಿ. ಇದರ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಮೇಲೆ ಕೆಳಗೆ ಚಲಿಸುವ ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. ಹೊಗೆ ಹೋಗುವ ಕಿಂಡಿಯನ್ನು ಉಜ್ಜಿ ಎತ್ತರಿಸಿದರೆ ಹೊಗೆ ಬೇಗ ಹೊರಬಿದ್ದು, ವೇಗ ಏರಿದಾಗ ಹೆಚ್ಚು ಶಕ್ತಿ ಸಿಗುತ್ತದೆ. ಹೊಗೆಕೊಳವೆಯ ಆಕಾರವೂ ಮುಖ್ಯ. ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ರೇಸ್ ಬೈಕುಗಳಿಗಾಗಿ ಪಳಗಿಸಿದ ಹೊಟ್ಟೆಯುಬ್ಬಿದ ಕೊಳವೆ, ಸುಡದೆ ಹೊರನುಸುಳುವ ಇಂಧನವನ್ನು ಒತ್ತಡದ ಅಲೆಯಿಂದ ಮತ್ತೆ ಒಳಗೆ ತಳ್ಳುತ್ತದೆ. 1961ರಲ್ಲಿ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಸುಜುಕಿ ಸೇರಿದಾಗ ಈ ವಿದ್ಯೆ ಗಡಿ ದಾಟಿತು.

ಹೀಗೆ ಓಟದ ಕಣದಲ್ಲಿ ಮಾಗಿದ ವಿದ್ಯೆ ಗರಗಸಕ್ಕೂ ಮರಳಿತು. 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಟಿಂಬರ್‌ಸ್ಪೋರ್ಟ್ಸ್ ಸ್ಪರ್ಧೆಯಲ್ಲಿ 'ಹಾಟ್ ಸಾ' ಎಂಬ ವಿಭಾಗವಿದೆ. 46 ಸೆಂಟಿಮೀಟರ್ ವ್ಯಾಸದ ದಿಮ್ಮಿಯಿಂದ ಮೂರು ಬಿಲ್ಲೆಗಳನ್ನು ಕೆಲವೇ ಸೆಕೆಂಡುಗಳಲ್ಲಿ ಕತ್ತರಿಸಬೇಕು. ಹಿಮದ ಮೇಲೆ ಓಡುವ ವಾಹನಗಳ ಎಂಜಿನ್ ಕೂಡ ಇಲ್ಲಿ ಗರಗಸಕ್ಕೆ ಏರುವುದುಂಟು.

ಆದರೆ ಹೀಗೆ ಗಳಿಸಿದ ಶಕ್ತಿ ಪುಕ್ಕಟೆಯಲ್ಲ. ಕಾಡಿನ ಕೂಲಿಯಾಳಿನ ಗರಗಸ ದಿನವಿಡೀ ದುಡಿಯಬೇಕು, ಕಡಿಮೆ ವೇಗದಲ್ಲೂ ಎಳೆಯಬೇಕು. ಸ್ಪರ್ಧೆಯ ಗರಗಸಕ್ಕೆ ಆ ಹಂಗಿಲ್ಲ. ಕಿಂಡಿ ಅತಿಯಾಗಿ ಎತ್ತರಿಸಿದರೆ ಕಡಿಮೆ ವೇಗದಲ್ಲಿ ಎಂಜಿನ್ ಸೊರಗುತ್ತದೆ. ಇಂಧನ, ಎಣ್ಣೆ ಸಾಲದಾದರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಮಿತಿಮೀರಿದ ವೇಗಕ್ಕೆ ಸರಪಳಿ ತುಂಡಾದರೆ ಹಿಡಿದವನ ಪ್ರಾಣಕ್ಕೇ ಸಂಚಕಾರ. ಒಮ್ಮೆ ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು. ಆದ್ದರಿಂದ ಎಷ್ಟು ಉಜ್ಜಬೇಕೆಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂದು ಅರಿಯುವುದೇ ಈ ಹವ್ಯಾಸದ ನಿಜವಾದ ಕಸುಬು.