ಲೋಧಿ ರಸ್ತೆಯ ಜಗಳ, ಜಪಾನಿನ ಪ್ರಶ್ನೆ

ಮೇ ತಿಂಗಳ ದೆಹಲಿ ಬಿಸಿಲು ನಮಗೆ ಹೊಸದೇನಲ್ಲ. ಆದರೆ ಇಂಥ ಬಿಸಿಲು ಮನುಷ್ಯನ ದೇಹಕ್ಕೆ ಏನು ಮಾಡುತ್ತದೆ ಎಂಬ ವಿಚಾರ ಜಗತ್ತಿನ ಹವಾಮಾನ ವರದಿಗಳಲ್ಲಿ ಸರಿಯಾದ ಜಾಗ ಪಡೆದದ್ದು ತುಸು ತಡವಾಗಿಯೇ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1988ರಲ್ಲಿ ಹುಟ್ಟಿದ ಐಪಿಸಿಸಿ 1990ರಲ್ಲಿ ಮೊದಲ ವರದಿ ಕೊಟ್ಟಿತು. ಜನರ ಆರೋಗ್ಯಕ್ಕೆಂದೇ ಒಂದು ಅಧ್ಯಾಯ ಬಂದದ್ದು 1995ರ ಎರಡನೇ ವರದಿಯಲ್ಲಿ. ಆಸ್ಟ್ರೇಲಿಯಾದ ಟೋನಿ ಮ್ಯಾಕ್‌ಮೈಕೆಲ್ ಅದರ ಮುಂದಾಳು.

ಈ ವರದಿಗಳ ಕರಡು ಎರಡು ಸಲ ಪರಿಶೀಲನೆಗೆ ಹೋಗುತ್ತದೆ. ಮೊದಲು ತಜ್ಞರು, ಆಮೇಲೆ ತಜ್ಞರ ಜತೆ ಸರ್ಕಾರಗಳೂ ಓದಿ ಆಕ್ಷೇಪ ಬರೆಯುತ್ತವೆ. ಪ್ರತಿಯೊಂದಕ್ಕೂ ಲೇಖಕರು ಲಿಖಿತ ಉತ್ತರ ಕೊಡಬೇಕು. ಕೇಳಲು ಎಷ್ಟು ಚೆನ್ನ!

ಹೀಗಿದ್ದೂ 2007ರ ವರದಿಯ ಏಷ್ಯಾ ಅಧ್ಯಾಯದಲ್ಲಿ, ಹಿಮಾಲಯದ ಹಿಮನದಿಗಳು 2035ರೊಳಗೆ ಇಲ್ಲವಾಗಬಹುದು ಎಂಬ ಸಾಲು ನುಸುಳಿತು. ಯಮುನೆಯ ನೀರು ಕುಡಿಯುವ ನಮಗೆ ಇದು ದೂರದ ಮಾತಲ್ಲ. ನೀರು ತಪ್ಪಿದರೆ ಆರೋಗ್ಯವೂ ತಪ್ಪಿತು. 2009ರ ನವೆಂಬರ್‌ನಲ್ಲಿ ಭೂವಿಜ್ಞಾನಿ ವಿ.ಕೆ. ರೈನಾ ಅವರ ಅಧ್ಯಯನವನ್ನು ಪರಿಸರ ಸಚಿವ ಜೈರಾಂ ರಮೇಶ್ (ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು) ಬಿಡುಗಡೆ ಮಾಡಿದರು. ಹಿಮನದಿಗಳು ಅಷ್ಟು ವೇಗವಾಗಿ ಕರಗುತ್ತಿರುವುದಕ್ಕೆ ಆಧಾರ ಸಾಲದು ಎಂಬುದು ಅದರ ವಾದ. ಐಪಿಸಿಸಿ ಅಧ್ಯಕ್ಷ ಆರ್.ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನವೆಂದು ಜರೆದರು. ಅಂದ ಹಾಗೆ ಸಚಿವಾಲಯ, ಪಚೌರಿಯವರ ಟೆರಿ ಸಂಸ್ಥೆ ಎರಡೂ ಆಗ ಇದ್ದದ್ದು ಲೋಧಿ ರಸ್ತೆಯಲ್ಲೇ!

2010ರ ಜನವರಿಯಲ್ಲಿ ಐಪಿಸಿಸಿ ವಿಷಾದ ವ್ಯಕ್ತಪಡಿಸಿತು. ಆ ಸಾಲಿನ ಮೂಲ ಒಂದು ಪರಿಸರ ಸಂಸ್ಥೆಯ ವರದಿ, ಅದಕ್ಕೂ ಹಿಂದೆ ಪತ್ರಿಕೆಗೆ ಕೊಟ್ಟ ಒಂದು ಸಂದರ್ಶನ. ನನಗೆ ಹೆಚ್ಚು ಕಾಡುವುದು ಇನ್ನೊಂದು ವಿಷಯ. ಕರಡನ್ನು ಓದಿದ ಜಪಾನ್ ಸರ್ಕಾರ, ಈ ಮಾತು ಎಷ್ಟು ಖಚಿತ ಎಂದು ಆಗಲೇ ಕೇಳಿತ್ತು. ಪ್ರಶ್ನೆ ಕಡತದಲ್ಲಿ ಉಳಿಯಿತು, ಸಾಲು ಅಚ್ಚಾಯಿತು. ಹಾಗೆಂದು ತಾಪ ಏರುತ್ತಿದೆ ಎಂಬ ಮೂಲ ಮಾತೇನೂ ಸುಳ್ಳಾಗಲಿಲ್ಲ. ಹಿಮನದಿಗಳು ಕರಗುತ್ತಿರುವುದೂ ನಿಜ, ತಪ್ಪಿದ್ದು ಇಸವಿ.

ಅದೇ ವರ್ಷ ಹೆರಾಲ್ಡ್ ಶಪಿರೋ ಸಮಿತಿ, ಆಕ್ಷೇಪಗಳಿಗೆ ಸರಿಯಾದ ಉತ್ತರ ಸಿಕ್ಕಿದೆಯೇ ಎಂದು ನೋಡುವ ಪರಿಶೀಲನಾ ಸಂಪಾದಕರಿಗೆ ಹೆಚ್ಚು ಅಧಿಕಾರ ಕೊಡಿ ಎಂದಿತು. 2022ರ ವರದಿಯಲ್ಲಿ ಆರೋಗ್ಯದ್ದು ಏಳನೇ ಅಧ್ಯಾಯ. ಆ ಇಡೀ ಸಂಪುಟಕ್ಕೆ ಬಂದ ಟಿಪ್ಪಣಿಗಳು 62 ಸಾವಿರಕ್ಕೂ ಹೆಚ್ಚು. ಅವೂ ಲೇಖಕರ ಉತ್ತರಗಳೂ ಯಾರು ಬೇಕಾದರೂ ಓದುವಂತೆ ಪ್ರಕಟವಾಗಿವೆ.